ಈಜುಕೊಳದ ಕ್ಲೋರಿನ್: ಹಾಕಿದ್ದೆಷ್ಟು, ಕೆಲಸಕ್ಕೆ ಸಿಗುವುದೆಷ್ಟು

ಕೊಳದಿಂದ ಎದ್ದು ಬಂದ ಮಗುವಿನ ಕಣ್ಣು ಕೆಂಪಗಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಕ್ಲೋರಿನ್ ಜಾಸ್ತಿ ಹಾಕಿಬಿಟ್ಟಿದ್ದಾರೆ.’ ಹತ್ತಿರ ಹೋದರೆ ಮೂಗಿಗೆ ಘಾಟು ಬೇರೆ ಬಡಿಯುತ್ತದೆ. ಸರಿ, ಮಾರನೆ ದಿನ ಕ್ಲೋರಿನ್ ಕಡಿಮೆ ಹಾಕುತ್ತಾರೆ. ಕಣ್ಣುರಿ ಕಡಿಮೆಯಾಗುವುದಿಲ್ಲ. ವಾಸನೆಯೂ ಹೋಗುವುದಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಗೋಡೆಯ ಮೂಲೆಯಲ್ಲಿ ಪಾಚಿ ಕೂತಿರುತ್ತದೆ.

ಹೀಗಾಗಲು ಕಾರಣ ಇಷ್ಟೇ. ಆ ಘಾಟು ಬರುವುದು ಕೆಲಸಕ್ಕೆ ಸಿದ್ಧವಿರುವ ಕ್ಲೋರಿನ್ನಿಂದಲ್ಲ. ಬೆವರು, ಮೂತ್ರ, ಮೈಯ ಕೊಳೆಯ ಜೊತೆ ಸೇರಿ ಬಲ ಕಳೆದುಕೊಂಡ ಕ್ಲೋರಿನ್ನಿಂದ. ಅಂದರೆ ವಾಸನೆ ಜಾಸ್ತಿ ಇದ್ದರೆ ಹೆಚ್ಚಿನ ಸಲ ಕ್ಲೋರಿನ್ ಸಾಲದು ಎಂದೇ ಅರ್ಥ. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ವಾಸನೆಯೇ ಇರುವುದಿಲ್ಲ ಎನ್ನಬಹುದು.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇಗಳಲ್ಲಿ, ಬೆಂಗಳೂರಿನ ಸುತ್ತಲಿನ ವಿಲ್ಲಾ, ಫಾರ್ಮ್‌ಹೌಸ್‌ಗಳಲ್ಲಿ ಈಗ ಚಿಕ್ಕ ಈಜುಕೊಳ ಸಾಮಾನ್ಯವಾಗಿದೆ. ಕಟ್ಟಿಸಿಕೊಟ್ಟವರು ಒಂದು ಬಕೆಟ್ ಕ್ಲೋರಿನ್ ಕೊಟ್ಟು, ‘ದಿನಾ ಒಂದು ಲೋಟ ಹಾಕಿ’ ಎಂದು ಹೇಳಿ ಹೋಗಿರುತ್ತಾರೆ. ಆ ಒಂದು ಲೋಟದ ಲೆಕ್ಕದಿಂದಲೇ ಕೊಳ ಕೆಡುವುದು. ಕ್ಲೋರಿನ್ ಎಷ್ಟು ಹಾಕಿದೆವು ಅನ್ನುವುದಕ್ಕಿಂತ ಅದರಲ್ಲಿ ಎಷ್ಟು ಕೆಲಸಕ್ಕೆ ಸಿಗುತ್ತಿದೆ ಅನ್ನುವುದು ಮುಖ್ಯ. ಅದನ್ನು ತಿಳಿಯಲು ಮೂರು ಸಂಖ್ಯೆ ಒಟ್ಟಿಗೆ ನೋಡಬೇಕು: ಫ್ರೀ ಕ್ಲೋರಿನ್ (ಕೆಲಸಕ್ಕೆ ಸಿದ್ಧವಿರುವ ಕ್ಲೋರಿನ್), ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಅಂಕಿ), ಸಯನ್ಯೂರಿಕ್ ಆಸಿಡ್ (ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುವ ವಸ್ತು). ಮೊದಲೆರಡನ್ನು ಅಲ್ಪಸ್ವಲ್ಪ ಜನ ನೋಡುತ್ತಾರೆ. ಮೂರನೆಯದನ್ನು ಯಾರೂ ನೋಡುವುದಿಲ್ಲ. ನಮ್ಮಲ್ಲಿ ಕೊಳಗಳು ಕೈಕೊಡುವುದು ಬಹುತೇಕ ಅಲ್ಲೇ.

ನೀರಿಗೆ ಬಿದ್ದ ಮೇಲೆ ಏನಾಗುತ್ತದೆ

ಪುಡಿ, ಮಾತ್ರೆ, ದ್ರವ ಯಾವ ರೂಪದಲ್ಲೇ ಹಾಕಿ, ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪಕ್ಕೆ ತಿರುಗುತ್ತದೆ. ಒಂದು ಹೈಪೋಕ್ಲೋರಸ್ ಆಸಿಡ್, ಇನ್ನೊಂದು ಹೈಪೋಕ್ಲೋರೈಟ್. ರೋಗಾಣುಗಳನ್ನು ಕೊಲ್ಲುವ ಕೆಲಸದ ಬಹುಪಾಲು ಮೊದಲನೆಯದು ಮಾಡುತ್ತದೆ. ಎರಡನೆಯದು ತುಂಬಾ ನಿಧಾನ. ಇವೆರಡರ ಪಾಲು ಎಷ್ಟೆಷ್ಟು ಎಂದು ನಿರ್ಧರಿಸುವುದು ಪಿಎಚ್. ಪಿಎಚ್ 7.2 ಇದ್ದರೆ ಸುಮಾರು ಮೂರರಲ್ಲಿ ಎರಡು ಪಾಲು ಚುರುಕಾದ ರೂಪದಲ್ಲಿರುತ್ತದೆ. 7.5ಕ್ಕೆ ಏರಿದರೆ ಅರ್ಧಕ್ಕರ್ಧ. 7.8ರಲ್ಲಿ ಮೂರರಲ್ಲಿ ಒಂದು ಪಾಲು. 8.2ಕ್ಕೆ ಹೋದರೆ ಆರರಲ್ಲಿ ಒಂದು ಪಾಲು ಮಾತ್ರ. ಹಾಕಿದ ಕ್ಲೋರಿನ್ ಅಷ್ಟೇ ಇದೆ, ಟೆಸ್ಟ್ ಕಿಟ್ ತೋರಿಸುವ ಬಣ್ಣವೂ ಅದೇ, ಆದರೆ ಕೆಲಸ ಮಾಡುವ ಕೈಗಳು ಕಡಿಮೆಯಾಗಿವೆ.

ಪಿಎಚ್ ತೀರಾ ಇಳಿಸುವುದೂ ಒಳ್ಳೆಯದಲ್ಲ. 7ಕ್ಕಿಂತ ಕೆಳಗೆ ಹೋದರೆ ಟೈಲ್ಸ್ ನಡುವಿನ ಸಿಮೆಂಟ್ ಸವೆಯುತ್ತದೆ, ಪಂಪು, ಏಣಿಯ ಲೋಹ ತುಕ್ಕು ಹಿಡಿಯುತ್ತದೆ, ಕಣ್ಣೂ ಉರಿಯುತ್ತದೆ. ನಮ್ಮ ಕಣ್ಣೀರಿನ ಪಿಎಚ್ ಸುಮಾರು 7.4. ಅದಕ್ಕೇ 7.2ರಿಂದ 7.6ರ ನಡುವೆ ಇಟ್ಟುಕೊಂಡರೆ ಈಜುವವರಿಗೂ ಹಿತ, ಕ್ಲೋರಿನ್ನಿಗೂ ಅನುಕೂಲ.

ಇನ್ನು ಫ್ರೀ ಮತ್ತು ಕಂಬೈನ್ಡ್ ಕ್ಲೋರಿನ್ನಿನ ವಿಷಯ. ನೀರಿನಲ್ಲಿ ಇನ್ನೂ ಯಾವುದಕ್ಕೂ ಅಂಟಿಕೊಳ್ಳದೆ ಸಿದ್ಧವಾಗಿರುವುದು ಫ್ರೀ ಕ್ಲೋರಿನ್. ಬೆವರು ಮತ್ತು ಮೂತ್ರದಲ್ಲಿರುವ ಅಮೋನಿಯಾ, ಯೂರಿಯಾದಂಥ ವಸ್ತುಗಳ ಜೊತೆ ಸೇರಿಕೊಂಡದ್ದು ಕಂಬೈನ್ಡ್ ಕ್ಲೋರಿನ್. ಇದನ್ನೇ ಕ್ಲೋರಮೈನ್ ಅನ್ನುವುದು. ಕಣ್ಣುರಿ, ಘಾಟು, ಕೆಮ್ಮು ಎಲ್ಲಕ್ಕೂ ಹೆಚ್ಚಾಗಿ ಇದೇ ಕಾರಣ. ಎರಡನ್ನೂ ಕೂಡಿದರೆ ಟೋಟಲ್ ಕ್ಲೋರಿನ್. ಟೋಟಲ್‌ನಿಂದ ಫ್ರೀ ಕಳೆದರೆ ಉಳಿಯುವುದು ಕ್ಲೋರಮೈನ್. ಈ ಕಳೆಯುವ ಲೆಕ್ಕವೊಂದನ್ನು ವಾರಕ್ಕೊಮ್ಮೆ ಮಾಡಿದರೆ ಕಣ್ಣುರಿಯ ಅರ್ಧ ದೂರುಗಳು ಬರುವುದೇ ಇಲ್ಲ.

ಎಷ್ಟಿರಬೇಕು? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಕನಿಷ್ಠ ಮಟ್ಟ ಕೊಳಕ್ಕೆ 1 ಪಿಪಿಎಂ ಫ್ರೀ ಕ್ಲೋರಿನ್. ಸಯನ್ಯೂರಿಕ್ ಆಸಿಡ್ ಇರುವ ಕೊಳಕ್ಕೆ ಕನಿಷ್ಠ 2. ಬಿಸಿನೀರಿನ ಜಕೂಝಿಗೆ ಕನಿಷ್ಠ 3. ಪಿಪಿಎಂ ಎಂದರೆ ಹೆದರಬೇಕಾಗಿಲ್ಲ. ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಕ್ಲೋರಿನ್ ಇದ್ದರೆ ಅದು 1 ಪಿಪಿಎಂ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಎಲ್ಲ ಲೆಕ್ಕ ಸುಲಭ.

ಬಿಸಿಲು, ಸ್ಟೆಬಿಲೈಸರ್ ಮತ್ತು ನಾವು ಮಾಡಿಕೊಳ್ಳುವ ಎಡವಟ್ಟು

ಬಿಸಿಲು ಕ್ಲೋರಿನ್ನಿನ ದೊಡ್ಡ ಶತ್ರು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಬೆಳಗ್ಗೆ ಹಾಕಿದ ಕ್ಲೋರಿನ್ನಿನ ಬಹುಪಾಲು ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ ಸಯನ್ಯೂರಿಕ್ ಆಸಿಡ್. ಅಂಗಡಿಯಲ್ಲಿ ಸ್ಟೆಬಿಲೈಸರ್ ಎಂದರೆ ಕೊಡುತ್ತಾರೆ. ಇದು ಕ್ಲೋರಿನ್ನನ್ನು ತನ್ನ ಹತ್ತಿರ ಹಿಡಿದಿಟ್ಟುಕೊಂಡು ಬಿಸಿಲಿನಿಂದ ಕಾಪಾಡುತ್ತದೆ, ಬೇಕಾದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ದುಡ್ಡನ್ನು ಡಿಪಾಸಿಟ್ ಇಟ್ಟ ಹಾಗೆ: ಕಳವಾಗುವುದಿಲ್ಲ, ಆದರೆ ಎಲ್ಲವನ್ನೂ ಇಟ್ಟುಬಿಟ್ಟರೆ ಅವಸರಕ್ಕೆ ಕೈಯಲ್ಲಿ ಚಿಲ್ಲರೆ ಇರುವುದಿಲ್ಲ.

30ರಿಂದ 50 ಪಿಪಿಎಂ ಸ್ಟೆಬಿಲೈಸರ್ ಇದ್ದರೆ ಸಾಕು. ಇದು ಜಾಸ್ತಿಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಕ್ಲೋರಿನ್ ಬೇಕು. ಕೊಳ ನೋಡಿಕೊಳ್ಳುವವರು ಬಳಸುವ ಒಂದು ರೂಢಿಯ ಲೆಕ್ಕವಿದೆ. ಸ್ಟೆಬಿಲೈಸರ್ ಎಷ್ಟಿದೆಯೋ ಅದರ ಶೇಕಡಾ 7.5ರಷ್ಟು ಫ್ರೀ ಕ್ಲೋರಿನ್ ಇರಬೇಕು. 30 ಇದ್ದರೆ 2.25. 40 ಇದ್ದರೆ 3. 50 ಇದ್ದರೆ 3.75. 100 ಇದ್ದರೆ 7.5! ಆಗ ಕಿಟ್‌ನಲ್ಲಿ 2 ತೋರಿಸುತ್ತಿದೆ, ಆದರೂ ಪಾಚಿ ಬರುತ್ತಿದೆ, ಯಾಕೆ ಎಂದು ತಲೆ ಕೆರೆದುಕೊಳ್ಳುವ ಪರಿಸ್ಥಿತಿ. ಒಂದು ಮಾತು ಸೇರಿಸಬೇಕು. ಸ್ಟೆಬಿಲೈಸರ್ ಇರುವ ನೀರಿನಲ್ಲಿ ಪಿಎಚ್ ಏರಿಳಿತದ ಪ್ರಭಾವ ನಾನು ಮೇಲೆ ಹೇಳಿದಷ್ಟು ಜೋರಾಗಿರುವುದಿಲ್ಲ. ಅಂಥ ಕೊಳದಲ್ಲಿ ಕ್ಲೋರಿನ್ನಿನ ಬಲವನ್ನು ಹೆಚ್ಚಾಗಿ ತೀರ್ಮಾನಿಸುವುದು ಸ್ಟೆಬಿಲೈಸರ್ ಪ್ರಮಾಣವೇ.

ಈಗ ಎಡವಟ್ಟು ಎಲ್ಲಿ ಆಗುತ್ತದೆ ನೋಡಿ. ನಮ್ಮಲ್ಲಿ ಜಾಸ್ತಿ ಮಾರಾಟವಾಗುವುದು ಟಿಸಿಸಿಎ 90 ಎಂಬ ಮಾತ್ರೆ ಅಥವಾ ಹರಳು. ಬಳಸಲು ಸುಲಭ, ಬಹಳ ದಿನ ಕೆಡುವುದಿಲ್ಲ. ಆದರೆ ಅದು ಕ್ಲೋರಿನ್ ಮತ್ತು ಸಯನ್ಯೂರಿಕ್ ಆಸಿಡ್ ಎರಡೂ ಸೇರಿ ಆದ ವಸ್ತು. ಅದರಿಂದ 10 ಪಿಪಿಎಂ ಕ್ಲೋರಿನ್ ಬಂದರೆ ಜೊತೆಗೆ ಸುಮಾರು 6 ಪಿಪಿಎಂ ಸ್ಟೆಬಿಲೈಸರ್ ಕೂಡ ಬರುತ್ತದೆ. ಬೇಗ ಕರಗುವ ಎಸ್‌ಡಿಐಸಿ ಎಂಬ ಇನ್ನೊಂದು ಕ್ಲೋರಿನ್ ಪುಡಿಯಲ್ಲಿ ಇದು ಸುಮಾರು 9. ಕ್ಲೋರಿನ್ ಖರ್ಚಾಗಿ ಹೋಗುತ್ತದೆ. ಸ್ಟೆಬಿಲೈಸರ್ ಹೋಗುವುದಿಲ್ಲ. ನೀರು ಆವಿಯಾದರೂ ಅದು ಕೊಳದಲ್ಲೇ ಉಳಿಯುತ್ತದೆ.

ಒಂದು ಲೆಕ್ಕ ಹಾಕೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳ. ಗುಣಿಸಿದರೆ 40 ಘನ ಮೀಟರ್, ಅಂದರೆ 40,000 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 2 ಪಿಪಿಎಂ ಕ್ಲೋರಿನ್ ಖರ್ಚಾಗುತ್ತದೆ ಎಂದುಕೊಳ್ಳಿ. ಅದನ್ನು ಪೂರ್ತಿ ಟಿಸಿಸಿಎಯಿಂದಲೇ ತುಂಬಿದರೆ ತಿಂಗಳಿಗೆ 60 ಪಿಪಿಎಂ ಕ್ಲೋರಿನ್ ಹಾಕಿದ ಹಾಗಾಯಿತು. ಜೊತೆಗೆ 36 ಪಿಪಿಎಂ ಸ್ಟೆಬಿಲೈಸರ್ ಬಂತು. ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ಹೀಗೇ ನಡೆಸಿದರೆ 100 ದಾಟಿತು. ಯಾರೂ ಬೇಕೆಂದು ಹಾಕಿದ್ದಲ್ಲ. ದಿನಾ ಒಂದು ಲೋಟ ಹಾಕುತ್ತಾ ಹೋದರು, ಅಷ್ಟೇ.

ಜಾಸ್ತಿಯಾದ ಸ್ಟೆಬಿಲೈಸರ್ ಇಳಿಸಲು ಮನೆಯ ಮಟ್ಟದಲ್ಲಿ ನಂಬಬಹುದಾದ ದಾರಿ ಒಂದೇ. ನೀರು ಖಾಲಿ ಮಾಡಿ ಹೊಸ ನೀರು ತುಂಬುವುದು. 100 ಇದ್ದದ್ದನ್ನು 50ಕ್ಕೆ ತರಲು ಅರ್ಧ ಕೊಳ, ಅಂದರೆ 20,000 ಲೀಟರ್ ಹೊರಗೆ ಹೋಗಬೇಕು. 6,000 ಲೀಟರ್ ಟ್ಯಾಂಕರ್ ಮೂರು ಬಂದರೂ ಸಾಲುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಎಷ್ಟು ಪರದಾಟವಾಯಿತು ಎಂದು ನೆನಪಿದೆಯಲ್ವಾ? ಈಜುಕೊಳಕ್ಕೆ ಕುಡಿಯುವ ನೀರು ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಗ ಆದೇಶ ಹೊರಡಿಸಿತ್ತು. ಪಕ್ಕದ ಬೀದಿಯವರು ಬಿಂದಿಗೆ ಹಿಡಿದು ನಿಂತಿರುವಾಗ ನಮ್ಮ ಅಜಾಗರೂಕತೆಯಿಂದ ಅರ್ಧ ಕೊಳ ನೀರು ಚರಂಡಿಗೆ ಹೋಗುವುದು ನನಗಂತೂ ಸಹಿಸಲಾಗದ ಮಾತು. ಅದಕ್ಕೇ ಮೊದಲೇ ಎಚ್ಚರ ಬೇಕು. ಟಿಸಿಸಿಎಯನ್ನು ಸ್ಟೆಬಿಲೈಸರ್ 40, 50ಕ್ಕೆ ಬರುವವರೆಗೆ ಬಳಸಿ. ಅಲ್ಲಿಂದಾಚೆಗೆ ಸ್ಟೆಬಿಲೈಸರ್ ಇಲ್ಲದ ಕ್ಲೋರಿನ್ನಿಗೆ ಬದಲಾಯಿಸಿಕೊಳ್ಳಿ.

ಯಾವ ಕ್ಲೋರಿನ್, ಯಾವ ನೀರಿಗೆ

ಸ್ಟೆಬಿಲೈಸರ್ ಇಲ್ಲದ ಕ್ಲೋರಿನ್ ನಮ್ಮಲ್ಲಿ ಮುಖ್ಯವಾಗಿ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಕ್ಯಾನ್‌ನಲ್ಲಿ ಬರುವ ಲಿಕ್ವಿಡ್ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಇನ್ನೊಂದು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು. ಬ್ಲೀಚಿಂಗ್ ಪೌಡರ್ ಕೂಡ ಇದೆ, ಆದರೆ ಅದರಲ್ಲಿ ಕ್ಲೋರಿನ್ ಮೂರನೇ ಒಂದು ಭಾಗದಷ್ಟು ಮಾತ್ರ. ಉಳಿದದ್ದರಲ್ಲಿ ಸುಣ್ಣವೇ ಜಾಸ್ತಿ. ಬಾವಿಗೆ, ಟ್ಯಾಂಕಿಗೆ ಅದು ಸರಿ. ಕೊಳಕ್ಕೆ ಹಾಕಿದರೆ ನೀರು ಮಜ್ಜಿಗೆಯಂತಾಗಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಚೀಲ ಬಿಚ್ಚಿದ ಮೇಲೆ ಬಲವೂ ಬೇಗ ಇಳಿಯುತ್ತದೆ.

ನಿಮ್ಮ ನೀರು ಎಂಥದ್ದು ಎಂಬುದರ ಮೇಲೆ ಆಯ್ಕೆ ನಿಂತಿದೆ. ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಬಿಸಿನೀರಿನ ಹಂಡೆಯ ಒಳಗೆ ಬಿಳಿ ಹೆಪ್ಪು ಕಟ್ಟುತ್ತದಲ್ಲ, ಅದೇ ನೀರು. ಅಂಥ ನೀರಿಗೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹಾಕಿದರೆ ಇರುವ ಸುಣ್ಣದ ಮೇಲೆ ಇನ್ನಷ್ಟು ಸುಣ್ಣ. 10 ಪಿಪಿಎಂ ಕ್ಲೋರಿನ್ನಿಗೆ ಸುಮಾರು 7 ಪಿಪಿಎಂ ಗಡಸುತನ ಏರುತ್ತದೆ. ಟೈಲ್ಸ್ ಮೇಲೆ ಬಿಳಿ ಪದರ, ಫಿಲ್ಟರಿನ ಮರಳು ಗಟ್ಟಿಯಾಗುವುದು ಇದರ ಫಲ. ಇಲ್ಲಿ ಲಿಕ್ವಿಡ್ ಕ್ಲೋರಿನ್ ವಾಸಿ. ಪಿಎಚ್ ಏರುತ್ತಿದ್ದರೆ ಅಳೆದು ಸ್ವಲ್ಪ ಆಸಿಡ್ ಹಾಕಿ ಸರಿಪಡಿಸಿಕೊಳ್ಳಬೇಕು.

ಮಲೆನಾಡಿನ ಕಥೆ ಉಲ್ಟಾ. ಅಲ್ಲಿನ ಝರಿ ನೀರು, ಕೆರೆ ನೀರು ಮೆದು. ಸೋಪು ಹಚ್ಚಿದರೆ ನೊರೆ ಹೋಗುವುದೇ ಇಲ್ಲ ಅನ್ನುವಷ್ಟು ಮೆದು. ಅದರಲ್ಲಿ ಪಿಎಚ್ಚನ್ನು ಹಿಡಿದು ನಿಲ್ಲಿಸುವ ಕ್ಷಾರಗುಣ, ಅಂದರೆ ಆಲ್ಕಲಿನಿಟಿ, ಕಡಿಮೆ. ಟಿಸಿಸಿಎ ಹುಳಿ ಗುಣದ್ದು. ಅದರ ದ್ರಾವಣದ ಪಿಎಚ್ 3ರ ಹತ್ತಿರ ಇರುತ್ತದೆ. ಮೆದು ನೀರಿಗೆ ದಿನಾ ಅದನ್ನೇ ಹಾಕಿದರೆ ಪಿಎಚ್ ನೋಡನೋಡುತ್ತಾ 6ರ ಹತ್ತಿರಕ್ಕೆ ಜಾರುತ್ತದೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಅಲ್ಲಿಗೆ ಹೇಳಿ ಮಾಡಿಸಿದ್ದು. ಪಿಎಚ್ಚನ್ನೂ ಎತ್ತಿ ಹಿಡಿಯುತ್ತದೆ, ಸಿಮೆಂಟು ಸವೆಯದಂತೆ ಬೇಕಾದ ಸುಣ್ಣವನ್ನೂ ಕೊಡುತ್ತದೆ. ಆಲ್ಕಲಿನಿಟಿ 80ರಿಂದ 120 ಪಿಪಿಎಂ ಇರಲಿ. ಕಡಿಮೆಯಿದ್ದರೆ ಅಡುಗೆ ಸೋಡಾ ಸಾಕು. 40,000 ಲೀಟರ್‌ನಲ್ಲಿ 10 ಪಿಪಿಎಂ ಏರಿಸಲು ಸುಮಾರು 670 ಗ್ರಾಂ ಬೇಕಾಗುತ್ತದೆ.

ಇದೇ 40,000 ಲೀಟರ್ ಕೊಳಕ್ಕೆ 1 ಪಿಪಿಎಂ ಕ್ಲೋರಿನ್ ಏರಿಸಬೇಕೆಂದರೆ ಬೇಕಾದ್ದು 40 ಗ್ರಾಂ ಶುದ್ಧ ಕ್ಲೋರಿನ್. ಅಂದರೆ ಟಿಸಿಸಿಎ 90 ಆದರೆ ಸುಮಾರು 45 ಗ್ರಾಂ. ಶೇಕಡಾ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು 62 ಗ್ರಾಂ. ಶೇಕಡಾ 10ರ ಲಿಕ್ವಿಡ್ ಆದರೆ 400 ಮಿಲಿ. ಲಿಕ್ವಿಡ್ ಬಿಸಿಗೆ ಬೇಗ ಬಲ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೆ ಬೇಕಾದಷ್ಟನ್ನೇ ತನ್ನಿ, ನೆರಳಲ್ಲಿಡಿ.

ಚಿಕ್ಕ ಕೊಳ ನೋಡಿಕೊಳ್ಳುವುದು ಸುಲಭ ಎಂದುಕೊಳ್ಳಬೇಡಿ. ತಾರಸಿಯ ಮೇಲೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1.2 ಮೀಟರ್ ಆಳದ ಪ್ಲಂಜ್ ಪೂಲ್‌ನಲ್ಲಿ ಇರುವುದು 7,200 ಲೀಟರ್ ಮಾತ್ರ. 200 ಗ್ರಾಂ ಟಿಸಿಸಿಎ ಮಾತ್ರೆಯೊಂದು ಪೂರ್ತಿ ಕರಗಿದರೆ 25 ಪಿಪಿಎಂ ಕ್ಲೋರಿನ್, 15 ಪಿಪಿಎಂ ಸ್ಟೆಬಿಲೈಸರ್ ಸೇರುತ್ತದೆ. ಇಲ್ಲಿ ಮಾತ್ರೆಯ ಸಹವಾಸ ಬೇಡ. ಅಳತೆ ಮಾಡಿದ ಲಿಕ್ವಿಡ್ ಹಾಕಿ.

ಸಾಲ್ಟ್ ಪೂಲ್ ಹಾಕಿಸಿಕೊಂಡವರು ‘ನಮ್ಮದರಲ್ಲಿ ಕ್ಲೋರಿನ್ನೇ ಇಲ್ಲ’ ಅನ್ನುವುದುಂಟು. ಅಲ್ಲಿಯೂ ಇರುವುದು ಕ್ಲೋರಿನ್ನೇ. ನೀರಿಗೆ ಹಾಕಿದ ಉಪ್ಪಿನಿಂದ ಯಂತ್ರ ಅದನ್ನು ಅಲ್ಲೇ ತಯಾರಿಸುತ್ತದೆ. ಅಳತೆ, ಮಟ್ಟ, ನಿಯಮ ಎಲ್ಲ ಒಂದೇ. ಪಿಎಚ್ ಮಾತ್ರ ಮೇಲೇರುತ್ತಲೇ ಇರುತ್ತದೆ, ಅದನ್ನು ನೋಡಿಕೊಳ್ಳಬೇಕು.

ಅಳೆಯುವುದು

ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಕಿಟ್‌ನಲ್ಲಿ ಎರಡು ಬಾಟಲಿ ಇರುತ್ತವೆ. ಒಂದರಿಂದ ಹಳದಿ ಬಣ್ಣ, ಇನ್ನೊಂದರಿಂದ ಕೆಂಪು. ಹಳದಿ ಬರುವುದು ಓಟಿಓ ಎಂಬ ದ್ರವದಿಂದ. ಅದು ತೋರಿಸುವುದು ಟೋಟಲ್ ಕ್ಲೋರಿನ್ನನ್ನು. ಬಲ ಕಳೆದುಕೊಂಡ ಕ್ಲೋರಮೈನ್ ಕೂಡ ಅದರಲ್ಲಿ ಸೇರಿರುತ್ತದೆ. ಕೊಳದಲ್ಲಿ ಬರೀ ಕ್ಲೋರಮೈನ್ ತುಂಬಿದ್ದರೂ ಹಳದಿ ಚೆನ್ನಾಗಿಯೇ ಬರುತ್ತದೆ, ನಾವು ನೆಮ್ಮದಿಯಾಗಿ ಮಕ್ಕಳನ್ನು ಇಳಿಸುತ್ತೇವೆ. ಸ್ವಲ್ಪ ದುಡ್ಡು ಹೆಚ್ಚಾದರೂ ಫ್ರೀ ಮತ್ತು ಟೋಟಲ್ ಎರಡನ್ನೂ ಬೇರೆ ಬೇರೆಯಾಗಿ ತೋರಿಸುವ ಡಿಪಿಡಿ ಕಿಟ್ ತೆಗೆದುಕೊಳ್ಳಿ. ಇಡೀ ಕೊಳದ ಖರ್ಚಿನಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಡಿಪಿಡಿ ಪರೀಕ್ಷೆ ಹೀಗೆ. ನೀರು ಒಳಬರುವ ಕೊಳವೆಯಿಂದ ದೂರ ನಿಂತು, ಮೊಳಕೈ ಮುಳುಗುವಷ್ಟು ಆಳದಿಂದ ನೀರು ತೆಗೆದುಕೊಳ್ಳಿ. ಮೇಲ್ಪದರದ ನೀರು ಬಿಸಿಲಿಗೆ ಒಡ್ಡಿಕೊಂಡಿರುತ್ತದೆ, ಅದು ಸರಿಯಾದ ಲೆಕ್ಕ ಕೊಡುವುದಿಲ್ಲ. ಗಾಜಿನ ನಳಿಕೆಯನ್ನು ಅದೇ ನೀರಿನಲ್ಲಿ ಒಂದೆರಡು ಸಲ ತೊಳೆಯಿರಿ. ಗೆರೆಯವರೆಗೆ ತುಂಬಿ. ಒಂದನೇ ನಂಬರಿನ ಮಾತ್ರೆಯನ್ನು ಕೈಯಿಂದ ಮುಟ್ಟದೆ ಹಾಳೆಯಿಂದಲೇ ಒಳಕ್ಕೆ ಬೀಳಿಸಿ, ಕಡ್ಡಿಯಿಂದ ಪುಡಿ ಮಾಡಿ ಅಲ್ಲಾಡಿಸಿ. ಗುಲಾಬಿ ಬಣ್ಣ ಬರುತ್ತದೆ. ನೆರಳಿನಲ್ಲಿ, ಹಗಲು ಬೆಳಕಿನಲ್ಲಿ, ಬಿಳಿ ಹಿನ್ನೆಲೆಯಲ್ಲಿ ಹಿಡಿದು ತಕ್ಷಣ ಬಣ್ಣ ಹೋಲಿಸಿ. ಇದು ಫ್ರೀ ಕ್ಲೋರಿನ್. ಅದೇ ನಳಿಕೆಗೆ ಮೂರನೇ ನಂಬರಿನ ಮಾತ್ರೆ ಹಾಕಿ ಎರಡು ನಿಮಿಷ ಬಿಟ್ಟರೆ ಟೋಟಲ್. ಗುಲಾಬಿ ಇನ್ನಷ್ಟು ಗಾಢವಾದರೆ ಆ ವ್ಯತ್ಯಾಸವೇ ಕ್ಲೋರಮೈನ್.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಮಾತ್ರೆ ಬಿದ್ದ ಕೂಡಲೇ ಗುಲಾಬಿ ಮಿಂಚಿ, ಮರುಕ್ಷಣ ನೀರು ತಿಳಿಯಾಗಿಬಿಟ್ಟರೆ ಕ್ಲೋರಿನ್ ಇಲ್ಲ ಎಂದುಕೊಳ್ಳಬೇಡಿ. ಕ್ಲೋರಿನ್ ವಿಪರೀತ ಇದ್ದು ಬಣ್ಣವನ್ನೇ ಬಿಳಿಚಿಸಿಬಿಟ್ಟಿದೆ. ಇಲ್ಲ ಎಂದುಕೊಂಡು ಇನ್ನಷ್ಟು ಸುರಿದರೆ ಅಪಾಯ. ಅನುಮಾನ ಬಂದರೆ ಕೊಳದ ನೀರಿಗೆ ನಾಲ್ಕು ಪಾಲು ಕ್ಲೋರಿನ್ ಇಲ್ಲದ ಬಾಟಲಿ ನೀರು ಬೆರೆಸಿ ಮತ್ತೆ ನೋಡಿ. ಬಂದ ಅಂಕಿಯನ್ನು ಐದರಿಂದ ಗುಣಿಸಿ. ಪಿಎಚ್ ನೋಡುವ ಕೆಂಪು ದ್ರವ ನೇರಳೆಗೆ ತಿರುಗಿದರೂ ಕ್ಲೋರಿನ್ ಮಿತಿ ಮೀರಿದೆ ಎಂಬ ಸುಳಿವು.

ಸ್ಟೆಬಿಲೈಸರ್ ಪರೀಕ್ಷೆಗೆ ಬೇರೆ ಕಿಟ್ ಬೇಕು. ನೀರಿಗೆ ಔಷಧಿ ಬೆರೆಸಿದರೆ ಬೆಳ್ಳಗೆ ಮಸುಕಾಗುತ್ತದೆ. ನಳಿಕೆಯ ತಳದ ಕಪ್ಪು ಚುಕ್ಕೆ ಯಾವ ಗೆರೆಯಲ್ಲಿ ಕಾಣದಾಗುತ್ತದೋ ಅದೇ ಉತ್ತರ. ತಿಂಗಳಿಗೊಮ್ಮೆ ಸಾಕು. ಫ್ರೀ ಕ್ಲೋರಿನ್ ಮತ್ತು ಪಿಎಚ್ ಮಾತ್ರ ಜನ ಇಳಿಯುವ ದಿನ ದಿನವೂ ನೋಡಬೇಕು.

ಕ್ಲೋರಿನ್ ಹಾಕಲು ಸಂಜೆ ಒಳ್ಳೆಯ ಹೊತ್ತು. ಬಿಸಿಲಿರುವುದಿಲ್ಲ, ರಾತ್ರಿಯಿಡೀ ಅದಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ಪಂಪ್ ಓಡುತ್ತಿರಬೇಕು. ಹಳ್ಳಿ ಕಡೆ ತ್ರೀ ಫೇಸ್ ಕರೆಂಟ್ ಯಾವಾಗ ಇರುತ್ತದೋ ಆ ಹೊತ್ತಿಗೇ ಹೊಂದಿಸಿಕೊಳ್ಳಬೇಕಾಗುತ್ತದೆ. ನಿಂತ ನೀರಿಗೆ ಸುರಿದರೆ ಒಂದು ಮೂಲೆಯಲ್ಲಿ ವಿಪರೀತ, ಇನ್ನೊಂದು ಮೂಲೆಯಲ್ಲಿ ಸೊನ್ನೆ. ಸೂರ್ಯ ಮುಳುಗಿದ ಮೇಲೆ ಒಮ್ಮೆ, ಬಿಸಿಲು ಬೀಳುವ ಮೊದಲು ಇನ್ನೊಮ್ಮೆ ಅಳೆಯುವುದು ಒಳ್ಳೆಯ ಅಭ್ಯಾಸ. ರಾತ್ರಿ ಬಿಸಿಲಿಲ್ಲ, ಈಜುವವರೂ ಇಲ್ಲ. ಆದರೂ 1 ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ನೀರಿನಲ್ಲಿ ಏನೋ ಕ್ಲೋರಿನ್ನನ್ನು ತಿನ್ನುತ್ತಿದೆ. ಕಣ್ಣಿಗೆ ಕಾಣದ ಪಾಚಿ, ಫಿಲ್ಟರಿನಲ್ಲಿ ಕೊಳೆತ ಎಲೆ, ಕೊಳೆ. ನೀರು ಹಸಿರಾಗುವ ಮೊದಲೇ ಸಿಗುವ ಎಚ್ಚರಿಕೆ ಇದು.

ವಾರಾಂತ್ಯದ ಮಾರನೆ ದಿನ

ಹೋಂಸ್ಟೇ ಕೊಳಕ್ಕೆ ಶನಿವಾರ, ಭಾನುವಾರವೇ ಪರೀಕ್ಷೆ. ಪ್ರಯಾಣ ಮಾಡಿ ಬೆವರಿದ ಮೈ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಜೀನ್ಸ್ ಪ್ಯಾಂಟಿನ ಧೂಳು ಎಲ್ಲವೂ ನೀರಿಗೆ. ಇಳಿಯುವ ಮೊದಲು ಒಂದು ನಿಮಿಷ ಶವರ್ ಕೆಳಗೆ ನಿಲ್ಲಿ ಎಂದು ಅತಿಥಿಗಳಿಗೆ ಹೇಳಲು ಸಂಕೋಚ ಪಡಬೇಡಿ. ಇಲ್ಲದಿದ್ದರೆ ಆ ಒಂದು ನಿಮಿಷದಲ್ಲಿ ಹೋಗುವ ಬೆವರು, ಎಣ್ಣೆಯನ್ನು ಆಮೇಲೆ ಕ್ಲೋರಿನ್ನಿನಿಂದ ಸುಡಬೇಕಾಗುತ್ತದೆ.

ಸೋಮವಾರ ಅಳೆದಾಗ ಫ್ರೀ 1.2, ಟೋಟಲ್ 2.0 ಬಂತು ಎಂದುಕೊಳ್ಳಿ. ಕ್ಲೋರಮೈನ್ 0.8. ಇದು 0.4 ದಾಟಿದರೆ ಸುಮ್ನೆ ಬಿಡಬಾರದು. ಇದನ್ನು ಒಡೆಯಲು ಒಂದೇ ಸಲಕ್ಕೆ ಜೋರಾಗಿ ಕ್ಲೋರಿನ್ ಕೊಡಬೇಕು. ಶಾಕ್ ಎನ್ನುವುದು ಇದನ್ನೇ. ರೂಢಿಯ ಲೆಕ್ಕ ಕ್ಲೋರಮೈನ್‌ನ ಹತ್ತು ಪಟ್ಟು, ಅಂದರೆ 8 ಪಿಪಿಎಂ. ನಮ್ಮ 40,000 ಲೀಟರ್ ಕೊಳಕ್ಕೆ ಸುಮಾರು ಅರ್ಧ ಕಿಲೋ ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಇಲ್ಲವೇ 3.2 ಲೀಟರ್ ಲಿಕ್ವಿಡ್. ಅಲ್ಪಸ್ವಲ್ಪ ಹಾಕಿ ಬಿಟ್ಟರೆ ಕ್ಲೋರಮೈನ್ ಹೋಗುವ ಬದಲು ಇನ್ನಷ್ಟು ಹುಟ್ಟಬಹುದು. ಶಾಕ್‌ಗೆ ಟಿಸಿಸಿಎ ಬೇಡವೇ ಬೇಡ, ಕಾರಣ ಆಗಲೇ ಗೊತ್ತಾಗಿದೆ. ಸಂಜೆ ಹಾಕಿ, ಪಂಪ್ ಓಡಿಸಿ, ಕೊಳಕ್ಕೆ ಹೊದಿಕೆ ಇದ್ದರೆ ತೆಗೆದಿಡಿ. ಒಡೆದ ಅನಿಲ ಹೊರಗೆ ಹೋಗಲು ದಾರಿ ಬೇಕು. ಫ್ರೀ ಕ್ಲೋರಿನ್ 4ಕ್ಕೆ ಇಳಿಯುವವರೆಗೆ ಯಾರನ್ನೂ ಇಳಿಸಬೇಡಿ.

ಪಾಚಿ ಕಂಡ ಕೂಡಲೇ ಕಾಫಿ, ಅಡಿಕೆ ತೋಟದವರ ಕೈ ಹೋಗುವುದು ಮೈಲುತುತ್ತದ ಚೀಲಕ್ಕೆ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮನೆಯಲ್ಲಿ ಇದ್ದೇ ಇರುತ್ತದೆ. ಪಾಚಿ ಸಾಯುತ್ತದೆ, ನಿಜ. ಆದರೆ ಒಂದು ಕಿಲೋ ಮೈಲುತುತ್ತದಲ್ಲಿ ಕಾಲು ಕಿಲೋ ತಾಮ್ರವಿದೆ. 40,000 ಲೀಟರ್‌ಗೆ ಅದನ್ನು ಸುರಿದರೆ ತಾಮ್ರ 6 ಪಿಪಿಎಂ ದಾಟುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ 2. ಟೈಲ್ಸ್ ಮೇಲೆ ಹಸಿರು ಕಲೆ ಕೂರುತ್ತದೆ, ಬಿಳಿಗೂದಲಿನವರ ತಲೆಗೂ ಹಸಿರು ಛಾಯೆ ಹತ್ತುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಲೋರಿನ್ ಕೆಲಸವನ್ನು ತಾಮ್ರ ಮಾಡುವುದಿಲ್ಲ. ಪಾಚಿ ಹೋದ ನೀಲಿ ನೀರಿನಲ್ಲಿ ರೋಗಾಣು ಹಾಗೇ ಉಳಿದಿರಬಹುದು. ಗೋಡೆ ಉಜ್ಜಿ, ಶಾಕ್ ಕೊಟ್ಟು, ಫಿಲ್ಟರ್ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು) ಮಾಡುವುದೇ ಸರಿಯಾದ ದಾರಿ.

ನೀರು ತಿಳಿಯಾಗಿದ್ದರೆ ಸುರಕ್ಷಿತ ಅಂದುಕೊಳ್ಳುವುದು ಎಷ್ಟು ಅಪಾಯ ಎಂಬುದಕ್ಕೆ ಪಕ್ಕದ ಕೇರಳವನ್ನು ನೋಡಿದರೆ ಸಾಕು. 2024 ಮತ್ತು 2025ರಲ್ಲಿ ಅಲ್ಲಿ ಮೆದುಳು ತಿನ್ನುವ ಅಮೀಬಾ ಎಂದು ಪತ್ರಿಕೆಗಳು ಬರೆದ ಸೋಂಕು ಜೀವಗಳನ್ನು ತೆಗೆದುಕೊಂಡಿತು. ಬೆಚ್ಚಗಿನ ಸಿಹಿನೀರಿನಲ್ಲಿರುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮೆದುಳು ಸೇರುತ್ತದೆ. ಮಟ್ಟ ಕಾಯ್ದುಕೊಂಡ ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಕ್ಲೋರಿನ್ ಇಲ್ಲದ ಕೊಳದಲ್ಲಿ ಅದನ್ನು ತಡೆಯುವವರಿಲ್ಲ.

ಎಲ್ಲ ರೋಗಾಣುವೂ ಒಂದೇ ವೇಗದಲ್ಲಿ ಸಾಯುವುದಿಲ್ಲ. ಪಿಎಚ್ 7.5, ಕ್ಲೋರಿನ್ 1 ಪಿಪಿಎಂ, ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ಇ ಕೋಲೈ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್ ಎ ವೈರಸ್‌ಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಕ್ಕೆ 45 ನಿಮಿಷ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂಗೆ ಮಾತ್ರ 10 ದಿನಕ್ಕೂ ಮೇಲೆ. ಅದಕ್ಕೇ ಭೇದಿಯಾಗುತ್ತಿರುವ ಮಗುವನ್ನು ಎಷ್ಟೇ ಅತ್ತರೂ ಕೊಳಕ್ಕೆ ಇಳಿಸಬಾರದು. ಅಕಸ್ಮಾತ್ ನೀರಿನಲ್ಲಿ ಭೇದಿಯಾದರೆ ತಕ್ಷಣ ಎಲ್ಲರನ್ನೂ ಮೇಲೆ ಕಳಿಸಿ ಕೊಳ ಮುಚ್ಚಬೇಕು. ಸ್ಟೆಬಿಲೈಸರ್ ಇಲ್ಲದ ನೀರಾದರೆ ಪಿಎಚ್ 7.5 ಅಥವಾ ಕೆಳಗಿಟ್ಟು 20 ಪಿಪಿಎಂ ಕ್ಲೋರಿನ್ನನ್ನು ಸುಮಾರು 13 ಗಂಟೆ ಕಾಯ್ದುಕೊಳ್ಳಬೇಕೆಂದು ಸಿಡಿಸಿ ಹೇಳುತ್ತದೆ. ಸ್ಟೆಬಿಲೈಸರ್ ಇದ್ದರೆ ಅದಕ್ಕಿಂತ ತುಂಬಾ ಜಾಸ್ತಿ ಹೊತ್ತು, ಸ್ಟೆಬಿಲೈಸರ್ ಪ್ರಮಾಣವೇ ಜಾಸ್ತಿ ಇದ್ದರೆ ಮೊದಲು ನೀರನ್ನೇ ಬದಲಿಸಬೇಕು.

ನೀರು ಹೊರಬಿಡುವಾಗಲೂ ಜವಾಬ್ದಾರಿ ಇದೆ. ಮೇಲಿನ ಕೊಳದಿಂದ ಬಿಟ್ಟ ನೀರು ಕೆಳಗಿನವರ ಹಳ್ಳ ಸೇರುತ್ತದೆ. ಕ್ಲೋರಿನ್ ಇರುವ ನೀರಿಗೆ ಮೀನು ಸಾಯುತ್ತವೆ. ಕೆಲವು ದಿನ ಬಿಸಿಲಿಗೆ ಬಿಟ್ಟು, ಕಿಟ್‌ನಲ್ಲಿ ಬಣ್ಣ ಬರದಷ್ಟು ಕ್ಲೋರಿನ್ ಇಳಿದ ಮೇಲೆ ಬಿಡಿ. ಸಾಲ್ಟ್ ಪೂಲ್ ನೀರನ್ನು ಗಿಡಗಳಿಗೆ ಬಿಡಬೇಡಿ.

ಡಬ್ಬಗಳ ವಿಷಯದಲ್ಲಿ ಕಟ್ಟುನಿಟ್ಟು

ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡೂ ಕ್ಲೋರಿನ್ನೇ ಎಂದು ಒಂದೇ ಬಕೆಟ್‌ನಲ್ಲಿ ಬೆರೆಸಿದರೆ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಒಂದಕ್ಕೆ ಬಳಸಿದ ಚಮಚವನ್ನು ಇನ್ನೊಂದಕ್ಕೆ ಹಾಕಬೇಡಿ. ಮಾತ್ರೆ ತುಂಬುವ ಫೀಡರ್‌ಗೆ ಬೇರೆ ಜಾತಿಯ ಕ್ಲೋರಿನ್ ಹಾಕಬೇಡಿ. ಆಸಿಡ್ ಮತ್ತು ಕ್ಲೋರಿನ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಪಂಪ್ ಕೋಣೆಯಂಥ ಇಕ್ಕಟ್ಟಾದ ಜಾಗದಲ್ಲಿ ಅದು ಪ್ರಾಣಕ್ಕೇ ಕುತ್ತು. ಪುಡಿಯನ್ನು ಕರಗಿಸುವಾಗ ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಗೆ ಬೆನ್ನು ಕೊಟ್ಟು ನಿಂತು ಹಾಕಿ.

ಡಬ್ಬಗಳನ್ನು ಒಣಗಿದ, ಗಾಳಿಯಾಡುವ ಜಾಗದಲ್ಲಿ ಬೀಗ ಹಾಕಿ ಇಡಿ. ಆಸಿಡ್ ಕ್ಯಾನ್ ಬೇರೆ ಕಡೆ ಇರಲಿ. ಗೊಬ್ಬರ, ಡೀಸೆಲ್, ಬಣ್ಣದ ಡಬ್ಬ ಇರುವ ಸ್ಟೋರ್ ರೂಮಿನಲ್ಲಿ ಕ್ಲೋರಿನ್ ಇಡುವುದು ತೋಟದ ಮನೆಗಳಲ್ಲಿ ಸಾಮಾನ್ಯ, ಅದನ್ನು ಇವತ್ತೇ ಬದಲಾಯಿಸಿ. ಕೊಳದ ಕೆಲಸ ಮಾಡುವ ಹುಡುಗನಿಗೆ ಲೇಬಲ್ ಓದಲು ಬರುತ್ತದೋ ಇಲ್ಲವೋ ಕೇಳಿ ತಿಳಿದುಕೊಳ್ಳಿ. ಹೆಚ್ಚಿನ ಡಬ್ಬಗಳ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಇರುವುದಿಲ್ಲ. ದಪ್ಪ ಅಕ್ಷರದಲ್ಲಿ ಕನ್ನಡದ ಚೀಟಿ ಬರೆದು ಅಂಟಿಸಿ, ಯಾವುದನ್ನು ಯಾವುದರ ಜೊತೆ ಸೇರಿಸಬಾರದು ಎಂದು ಪಕ್ಕದಲ್ಲಿ ನಿಂತು ತೋರಿಸಿಕೊಡಿ.